ಮಲ್ಲೇಶ್ವರಿ ಬದಲಿಸಿದ ಬೀಜ

ಹತ್ತಿಕಾಳಿನ ಲಾರಿ ಬಂದು ನಿಂತಿತೆಂದರೆ ಮಲ್ಲೇಶ್ವರಿಗೆ ಕೆಲಸ ಶುರು. ರಾಯಚೂರಿನ ಹೊರವಲಯದ ಆ ಎಣ್ಣೆ ಮಿಲ್ಲಿನ ಹಿಂಭಾಗದಲ್ಲಿ ಅವಳದೊಂದು ಒಂಟಿ ಕೋಣೆ. ಮಿಲ್ಲಿನವರ ಬಾಯಲ್ಲಿ ಅದು ಲ್ಯಾಬು. ಪ್ರತಿ ಲಾರಿಯಿಂದ ಒಂದು ಹಿಡಿ ಕಾಳು ಅವಳ ಮೇಜಿಗೆ ಬರುತ್ತದೆ. ತೇವ ಎಷ್ಟು, ಎಣ್ಣೆ ಎಷ್ಟು, ಎಣ್ಣೆ ಎಷ್ಟು ಹಳಸಿದೆ, ಹಿಂಡಿಯಲ್ಲಿ ಪ್ರೋಟೀನು ಎಷ್ಟು ಎಂದು ನೋಡಿ ಅವಳು ಕಿಟಕಿಯಿಂದಲೇ ಹೇಳುತ್ತಾಳೆ. ಹೊರಗೆ ನಿಂತವರು ಕೇಳಿಸಿಕೊಂಡು ಹೋಗುತ್ತಾರೆ. ಎಷ್ಟೋ ದಿನ ಅವಳ ಬಾಯಿಂದ ಬರುವ ಮಾತು ಅಷ್ಟೇ.

ಮಧ್ಯಾಹ್ನ ಮಿಲ್ಲಿನ ಗಂಡಸರು ಬೇವಿನ ಮರದ ಕೆಳಗೆ ಗುಂಪಾಗಿ ಕೂತು ಉಣ್ಣುತ್ತಾರೆ. ಮಲ್ಲೇಶ್ವರಿ ಬಾಗಿಲು ಅರ್ಧ ಮುಚ್ಚಿಕೊಂಡು, ಎಣ್ಣೆ ಕರಗಿಸುವ ದ್ರಾವಕದ ವಾಸನೆಯ ನಡುವೆಯೇ ರೊಟ್ಟಿಯ ಗಂಟು ಬಿಚ್ಚುತ್ತಾಳೆ. ಆ ವಾಸನೆ ಅವಳ ಸೀರೆಗೂ ಕೂದಲಿಗೂ ಹತ್ತಿಬಿಟ್ಟಿದೆ. ಸಂಜೆ ಸಿಟಿ ಬಸ್ಸಿನಲ್ಲಿ ಪಕ್ಕದ ಹೆಂಗಸರು ಸೆರಗನ್ನು ಮೂಗಿಗೆ ಹಿಡಿದು ಆಚೆ ಸರಿದರೆ ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತಾಳೆ. ಮಾವಿನಕೆರೆಯ ಹತ್ತಿರ ಒಂದು ಮಾಳಿಗೆಯ ಕೋಣೆ ಅವಳ ಮನೆ. ನಲವತ್ತು ದಾಟಿದೆ. ಮದುವೆಯ ಮಾತು ಎರಡು ಸಲ ಬಂದಿತ್ತು. ಎರಡೂ ಸಲ ಹುಡುಗನ ಕಡೆಯವರು, ಹುಡುಗಿ ನಮ್ಮವನಿಗಿಂತ ಜಾಸ್ತಿ ಓದಿದ್ದಾಳೆ ಎಂದು ಚಹಾ ಕುಡಿದು ಎದ್ದುಹೋಗಿದ್ದರು. ಮೂರನೆಯವರು ಬರಲಿಲ್ಲ.

ಅವಳು ಹುಟ್ಟಿದ್ದು ಗುಂಜಹಳ್ಳಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಅಂಬೆಗಾಲಿಡುವಾಗಲೇ ತಾಯಿ ತೀರಿಕೊಂಡಳು. ಅಪ್ಪ ಕನಕರಾಯ ಹಿಂಡು ಹೊಡೆದುಕೊಂಡು ಹೋದನೆಂದರೆ ತಿಂಗಳುಗಟ್ಟಲೆ ಊರ ಕಡೆ ತಲೆಹಾಕುತ್ತಿರಲಿಲ್ಲ. ಕೂಸನ್ನು ಎತ್ತಿಕೊಂಡು ಹೋದವಳು ತಾಯಿಯ ತಂಗಿ ದುರುಗಮ್ಮ. ಅವಳನ್ನು ಕೊಟ್ಟಿದ್ದು ದೇವದುರ್ಗಕ್ಕೆ. ಅವಳಿಗೂ ಕುರಿ, ಕಂಬಳಿ, ಹಟ್ಟಿಯೇ ಸಂಸಾರ. ಆಮೇಲೆ ಹುಟ್ಟಿದ ಅವಳ ಮಗ ರೇವಣಸಿದ್ದನೂ ಮಲ್ಲೇಶ್ವರಿಯೂ ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದರು. ರೇವಣಸಿದ್ದ ಶಾಲೆ ಬಿಟ್ಟು ಕುರಿಯ ಹಿಂದೆ ಹೋದ. ಮಲ್ಲೇಶ್ವರಿ ಮಾತ್ರ ಓದುತ್ತಲೇ ಹೋದಳು. ರಾಯಚೂರಿನ ಹಾಸ್ಟೆಲಿಗೆ ಅವಳನ್ನು ಸೇರಿಸುವಾಗ ದುರುಗಮ್ಮ ತಲೆಯ ಮೇಲೆ ಜೋಳದ ಹಿಟ್ಟಿನ ಗಂಟು ಹೊತ್ತು ಬಂದಿದ್ದಳು. ಅಪ್ಪ ಹೋದಮೇಲೆ ಈ ಜಗತ್ತಿನಲ್ಲಿ ಮಲ್ಲೇಶ್ವರಿಗೆ ತನ್ನದೆಂದು ಉಳಿದದ್ದು ದೇವದುರ್ಗದ ಆ ಮನೆ ಮತ್ತು ಅಲ್ಲಿಗೆ ಹೋಗುವ ಭಾನುವಾರ.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ದುರುಗಮ್ಮನಿಗೆ ಊಟ ಸೇರದಾಯಿತು, ಕಣ್ಣು ಹಳದಿಯಾದವು. ರಾಯಚೂರಿನ ದವಾಖಾನೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದಮೇಲೆ ಡಾಕ್ಟರು ರೇವಣಸಿದ್ದನನ್ನೂ ಮಲ್ಲೇಶ್ವರಿಯನ್ನೂ ಕೂರಿಸಿಕೊಂಡು ಮೆತ್ತಗೆ ಹೇಳಿದರು. ಗಡ್ಡೆ ಪಿತ್ತಕೋಶದ್ದು, ಲಿವರಿಗೆಲ್ಲ ಹಬ್ಬಿದೆ. ಕೊಯ್ದು ತೆಗೆಯುವ ಹಂತ ದಾಟಿದೆ. ನೋವಿಗೆ ಗುಳಿಗೆ ಕೊಡುತ್ತೇವೆ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ. ರೇವಣಸಿದ್ದ ಗುಳಿಗೆಯ ಚೀಟಿಯನ್ನು ಜೇಬಿಗಿಟ್ಟುಕೊಂಡ. ತಾಯಿಯನ್ನು ತನ್ನ ಕುರಿ ಸಾಗಿಸುವ ಟೆಂಪೋದಲ್ಲಿ, ಡ್ರೈವರಿನ ಪಕ್ಕದ ಸೀಟಿಗೆ ಕೌದಿ ಹಾಸಿ ಕೂರಿಸಿಕೊಂಡು ಹೋದ.

ಮುಂದಿನ ಭಾನುವಾರ ಮಲ್ಲೇಶ್ವರಿ ಹೋದಾಗ ದುರುಗಮ್ಮ ಪಡಸಾಲೆಯಲ್ಲಿ ಜೋಳದ ಚೀಲಕ್ಕೆ ಒರಗಿ ಕೂತಿದ್ದಳು. ರೇವಣಸಿದ್ದ ಅವಳೆದುರು ಕಲ್ಲಿನ ಕುಟ್ಟಾಣಿಯಲ್ಲಿ ಏನನ್ನೋ ಕುಟ್ಟುತ್ತಿದ್ದ. ಸ್ಟೀಲಿನ ಡಬ್ಬಿಯ ತುಂಬ ಬಾದಾಮಿಯಂಥ ಬೀಜಗಳು. ಬಾದಾಮಿಗಿಂತ ಗಿಡ್ಡ, ತುಸು ಅಗಲ. ಅವನು ಪುಡಿಗೆ ಜೇನುತುಪ್ಪ ಕಲಸುತ್ತಿದ್ದಂತೆ ಮದುವೆಮನೆಯ ಐಸ್‌ಕ್ರೀಮಿನಂಥ ಪರಿಮಳ ಎದ್ದಿತು.

“ಏನಿದು ತಮ್ಮಾ?”

“ಔಷಧ ಅಕ್ಕಾ. ಖುಬಾನಿ ಬೀಜ. ಇಂಗ್ಲಿಷಿನಾಗ ಏಪ್ರಿಕಾಟ್ ಅಂತಾರ. ಕಹಿವು. ಇಲ್ಲೆಲ್ಲೂ ಸಿಗಂಗಿಲ್ಲ, ಪಾರ್ಸಲ್ ತರಿಸೀನಿ.” ರೇವಣಸಿದ್ದ ಕೈ ಒರೆಸಿಕೊಂಡು ಮೊಬೈಲು ತೆಗೆದ. ಬಿಳಿ ಕೋಟು ಹಾಕಿಕೊಂಡ ಯಾರೋ ಒಬ್ಬ ಅದರಲ್ಲಿ ಮಾತಾಡುತ್ತಿದ್ದ. “ಇದರಾಗ ವಿಟಮಿನ್ ಬಿ ಹದಿನೇಳು ಅದಂತ. ಗಡ್ಡೀನ ಅಷ್ಟ ಹುಡುಕಿ ಕೊಲ್ತದ, ಬಾಕಿ ಮೈಗೆ ಏನೂ ಮಾಡಂಗಿಲ್ಲ. ದೊಡ್ಡ ದೊಡ್ಡ ದವಾಖಾನಿಯವರು ಇದನ್ನ ಮುಚ್ಚಿಟ್ಟಾರ.”

ದುರುಗಮ್ಮ ಮಗನ ಕೈಯಿಂದ ಚಮಚ ತೆಗೆದುಕೊಂಡು, ಕಣ್ಣು ಮುಚ್ಚಿ ನುಂಗಿದಳು. ಕಹಿಗೆ ಅವಳ ಮುಖ ಕಿವುಚಿತು. ಸ್ವಲ್ಪ ಹೊತ್ತಿಗೆ ಹಣೆಯ ಮೇಲೆ ಬೆವರು ಒಡೆಯಿತು. ಉಸಿರು ದೊಡ್ಡದಾಯಿತು. ತಲೆ ತಿರುಗುತ್ತಿದೆ ಎಂದು ಗೋಡೆ ಹಿಡಿದಳು, ಆಮೇಲೆ ವಾಂತಿ ಮಾಡಿಕೊಂಡಳು.

“ದಿನಾ ಹಿಂಗ ಆಗ್ತದೇನು?”

“ಮೈಯಾಗಿನ ವಿಷ ಹೊರಗ ಹೊಂಟದ ಅಕ್ಕಾ. ವಿಡಿಯೋದಾಗ ಹೇಳ್ಯಾರ.”

“ತಮ್ಮಾ, ಸದ್ಯಕ್ಕ ಇದನ್ನ ನಿಲ್ಲಸು. ನನಗ ಯಾಕೋ ಇದು ಪಾಡ ಕಾಣವಲ್ದು.”

ರೇವಣಸಿದ್ದ ಕುಟ್ಟಾಣಿ ತೊಳೆಯುತ್ತಿದ್ದವನು ತಿರುಗಿ ನೋಡಿದ. “ನಿನಗ ಹತ್ತಿಕಾಳು ಗೊತ್ತು ಅಕ್ಕಾ. ಇದು ಬ್ಯಾರೆ. ದವಾಖಾನ್ಯಾಗ ಮನಿಗೆ ಒಯ್ರಿ ಅಂದುಬಿಟ್ರು. ಏನೂ ಮಾಡದ ಆಕಿ ಮಾರಿ ನೋಡ್ಕೊಂತ ಕುಂದರಲೇನು ನಾ?”

ಮಲ್ಲೇಶ್ವರಿ ಬಗ್ಗಿ ನೆಲದ ವಾಂತಿ ಒರೆಸಿದಳು. ಅವನು ಹೊರಗೆ ಹೋದಮೇಲೆ ದುರುಗಮ್ಮನ ಕಿವಿಯಲ್ಲಿ ಹೇಳಿದಳು. “ನಾ ತಿರುಗಿ ಬರೂತನಕ ನುಂಗಬ್ಯಾಡ ಚಿಗವ್ವ. ಬಾಯಾಗ ಇಟ್ಕೊಂಡು, ಅವ ಆಕಡೆ ಹೋದಮ್ಯಾಗ ಉಗುಳಿಬಿಡು.” ಡಬ್ಬಿಯಿಂದ ಒಂದು ಹಿಡಿ ಬೀಜ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡಳು.

ಮರುದಿನ ಮಿಲ್ಲಿಗೆ ಹೋಗುವ ಮುಂಚೆ ಪೇಟೆಯ ತೀನ್ ಕಂದೀಲ್ ಹತ್ತಿರ ಬಸ್ಸಿಳಿದಳು. ಅಲ್ಲಿ ಸತ್ತಾರ್ ಸಾಬರದು ಒಣಹಣ್ಣಿನ ಹಳೆಯ ಅಂಗಡಿ. ಖರ್ಜೂರ, ಅಂಜೂರ, ದ್ರಾಕ್ಷಿಯ ಚೀಲಗಳ ನಡುವೆ ಮಣ್ಣುಬಣ್ಣದ ಸುಕ್ಕುಗಟ್ಟಿದ ಖುಬಾನಿ ಹಣ್ಣಿನ ಚೀಲವೂ ಇತ್ತು.

“ಖುಬಾನಿ ಬೀಜ ಬೇಕಾಗಿತ್ರೀ. ಸಿಹಿವು.”

“ಬರ್ರಿ ಬರ್ರಿ, ಮೇಡಂ. ಒಳಗಿನ ಗಿರಿ ಬೇಕೇನ್ರಿ?” ಮುದುಕರು ಗಾಜಿನ ಭರಣಿಯೊಂದನ್ನು ಇಳಿಸಿದರು. “ಹಣ್ಣು ಕುದಿಸಿ ಮೀಠಾ ಮಾಡ್ತಾರ ನೋಡ್ರಿ, ಆ ಗೊಟ್ಟ ಒಡದು ಒಳಗಿಂದು ತಗದು ಮ್ಯಾಲ ಉದುರಸ್ತಾರ. ನಮ್ಮ ಶಾದಿ ಊಟದಾಗ ಇದಿಲ್ದ ನಡೆಯಂಗಿಲ್ಲ. ನಿಮ್ಮ ಮನ್ಯಾಗ ಯಾರದರ ಶಾದಿ ಅದ ಏನ್ರಿ?”

“ಇಲ್ರೀ. ಸುಮ್ನ.”

“ಒಂದೊಂದು ಕಡ್ವಾ ಬರ್ತದ. ನಾವು ರುಚಿ ನೋಡೇ ತುಂಬಿರ್ತೀವಿ. ಆದ್ರೂ ಬಾಯಿಗೆ ಕಹಿ ಹತ್ತಿದ್ರ ಉಗುಳಿಬಿಡ್ರಿ.”

ಆ ದಿನ ಲಾರಿಗಳ ಕೆಲಸ ಮುಗಿದಮೇಲೆ ಮಲ್ಲೇಶ್ವರಿ ಎರಡೂ ಬೀಜಗಳನ್ನು ಬಿಳಿ ತಟ್ಟೆಯಲ್ಲಿ ಪಕ್ಕಪಕ್ಕ ಇಟ್ಟಳು. ಕಣ್ಣಿಗೆ ಭೇದವೇ ಗೊತ್ತಾಗದು. ಎರಡನ್ನೂ ಪುಡಿ ಮಾಡಿ, ಹತ್ತಿಕಾಳಿಗೆ ಏನೇನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಗಾಜಿನ ಕೊಳವೆಯಲ್ಲಿ ದ್ರಾವಕ ಕುದಿದು, ಹನಿದು, ಪುಡಿಯೊಳಗಿನ ಎಣ್ಣೆಯನ್ನು ತೊಳೆದು ತಂದಿತು. ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಶೇಂಗಾಕ್ಕಿಂತ ಕಡಿಮೆಯಲ್ಲ. ಎಣ್ಣೆ ತಿಳಿಬಂಗಾರದ ಬಣ್ಣದ್ದು. ಪ್ರೋಟೀನು ಕಾಲುಭಾಗದ ಹತ್ತಿರ. ಮಿಕ್ಕದ್ದು ನಾರು, ಸ್ವಲ್ಪ ಸಕ್ಕರೆ, ಚೂರು ಬೂದಿ. ಕಹಿಯದೂ ಅಷ್ಟೇ, ಸಿಹಿಯದೂ ಅಷ್ಟೇ. ಇಷ್ಟೇ ನೋಡಿ ಕಿಟಕಿಯಿಂದ ಹೇಳಬೇಕಾಗಿದ್ದರೆ ಎರಡಕ್ಕೂ ಒಂದೇ ಮಾತು ಹೇಳಿರುತ್ತಿದ್ದಳು, ಒಳ್ಳೆಯ ಮಾಲು ಎಂದು.

ಆದರೆ ಕಹಿ ಎಲ್ಲಿಂದ ಬಂತು ಎಂಬುದು ಈ ಲೆಕ್ಕದಲ್ಲಿ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕಾಲೇಜಿನಲ್ಲಿ ಓದಿದ್ದು ನೆನಪಿತ್ತು. ಕಹಿ ಬೀಜದೊಳಗೆ ಅಮಿಗ್ಡಾಲಿನ್ ಎಂಬುದೊಂದಿರುತ್ತದೆ. ಬೀಜ ಇಡಿಯಾಗಿರುವವರೆಗೆ ಅದು ಸುಮ್ಮನಿರುತ್ತದೆ. ಕುಟ್ಟಿ ನೀರು ಸೋಕಿಸಿದರೆ ಒಡೆದು ಮೂರಾಗುತ್ತದೆ. ಒಂದು ಸಕ್ಕರೆ. ಒಂದು ಆ ಐಸ್‌ಕ್ರೀಮಿನ ಪರಿಮಳ. ಇನ್ನೊಂದು ಸೈನೈಡು. ಅದಕ್ಕೆ ವಿಟಮಿನ್ನೆಂದು ಹೆಸರಿಟ್ಟವರು ಯಾರೋ, ಅದಂತೂ ವಿಟಮಿನ್ನಲ್ಲ. ಅವಳು ಪಿಕ್ರಿಕ್ ಆಮ್ಲ, ಸೋಡಾದಲ್ಲಿ ಅದ್ದಿದ, ಸೈನೈಡಿನ ಆವಿ ತಾಗಿದರೆ ಕೆಂಪಾಗುವ ಹಳದಿ ಕಾಗದದ ಪಟ್ಟಿಗಳನ್ನು ಮಾಡಿದಳು. ಎರಡು ಬಾಟಲಿಗಳಲ್ಲಿ ಎರಡು ಪುಡಿ, ಚೂರು ನೀರು ಹಾಕಿ, ಮೇಲೆ ಒಂದೊಂದು ಪಟ್ಟಿ ತೂಗುಬಿಟ್ಟು ಬಿರಡೆ ಹಾಕಿದಳು. ಮಿಲ್ಲಿನ ಗಂಡಸರು ಒಬ್ಬೊಬ್ಬರಾಗಿ ಮನೆಗೆ ಹೋದರು. ಅವಳು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಸಿಹಿ ಬೀಜದ ಪಟ್ಟಿ ಹಳದಿಯಾಗಿಯೇ ಉಳಿಯಿತು. ಕಹಿಯದ್ದು ಮೊದಲು ಕೇಸರಿಗೆ ತಿರುಗಿತು, ಆಮೇಲೆ ಇಟ್ಟಿಗೆಯ ಕೆಂಪಾಯಿತು.

ಯಾರಿಗಾದರೂ ಹೇಳಬೇಕೆನಿಸಿತು. ಬಾಗಿಲಾಚೆ ವಾಚಮನ್ ಒಬ್ಬನಿದ್ದ. ಅವನು ಟ್ಯಾಂಕರಿನ ಹಿಂದೆ ಕೂತು ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದ. ಮಲ್ಲೇಶ್ವರಿ ಬಾಟಲಿಗಳನ್ನು ತೊಳೆದಿಟ್ಟು ಲ್ಯಾಬಿಗೆ ಬೀಗ ಹಾಕಿದಳು.

ಮರುದಿನ ರಜೆ ಹಾಕಿ ಬೆಳಗಿನ ಬಸ್ಸಿಗೆ ದೇವದುರ್ಗಕ್ಕೆ ಹೊರಟಳು. ಚೀಲದಲ್ಲಿ ಬಿರಡೆಯ ಬಾಟಲಿಗಳು, ಹಳದಿ ಪಟ್ಟಿಗಳು, ಸತ್ತಾರ್ ಸಾಬರ ಅಂಗಡಿಯ ಸಿಹಿ ಬೀಜದ ಪೊಟ್ಟಣ. ರೇವಣಸಿದ್ದ ಕುರಿ ಹೇರಿಕೊಂಡು ಸಂತೆಗೆ ಹೋಗಿದ್ದ. ಅವನ ಹೆಂಡತಿ ಕೂಲಿಗೆ ಹೋಗಿದ್ದಳು. ದುರುಗಮ್ಮ ಒಬ್ಬಳೇ ಇದ್ದಳು.

“ನುಂಗಿಲ್ಲಬೇ. ನಿನ್ನ ಮಾತು ಕೇಳೀನಿ,” ಎಂದಳು ನೋಡಿದ ತಕ್ಷಣ. “ತಲಿ ತಿರಗೂದು ನಿಂತದ.”

ಮಲ್ಲೇಶ್ವರಿ ಕಹಿ ಬೀಜ ಕುಟ್ಟಿ ಒಂದು ಬಾಟಲಿಗೆ ಹಾಕಿದಳು. ಚಿಗವ್ವನಿಗೆ ಅಮಿಗ್ಡಾಲಿನ್ ಎಂದು ಹೇಳಿ ಏನು ಮಾಡುವುದು? ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದಿದ್ದಳು. ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವಲ್ಲಿ, ಚೆಲ್ಲಿದ ಜೋಳ ಮೊಳೆತು ಗೇಣುದ್ದ ಎದ್ದಿತ್ತು. ಅದರ ಎಳೆ ಕುಡಿಗಳನ್ನು ಚಿವುಟಿ ತಂದು, ಜಜ್ಜಿ, ಇನ್ನೊಂದು ಬಾಟಲಿಗೆ ಹಾಕಿದಳು. ಎರಡರಲ್ಲೂ ಪಟ್ಟಿ ತೂಗುಬಿಟ್ಟು ಪಡಸಾಲೆಯ ಬಿಸಿಲಿನಲ್ಲಿ ಇಟ್ಟಳು.

“ಇದೇನು ಆಟಬೇ?”

“ನೋಡು ನೀ, ಚಿಗವ್ವ. ಎರಡೂ ಬಣ್ಣ ಹೆಂಗ ತಿರಗ್ತಾವ ನೋಡು.”

ಇಬ್ಬರೂ ಕೂತು ಕಾದರು. ಮಲ್ಲೇಶ್ವರಿ ಅವಳ ತಲೆಗೆ ಎಣ್ಣೆ ಹಚ್ಚಿದಳು. ಕೂದಲು ಉದುರಿ ನೆತ್ತಿ ಕಾಣುತ್ತಿತ್ತು. ಮಾತು ಹಾಗೇ ಹಳೆಯದರ ಕಡೆ ಹೋಯಿತು. ಒಂದು ವರ್ಷ ಜೋಳ ಕೊಯ್ದ ಹೊಲದಲ್ಲಿ ಅಕಾಲದ ಮಳೆಗೆ ಕೂಳೆ ಚಿಗುರಿತ್ತು. ಹಸಿರು ಕಂಡ ಹಿಂಡು ನುಗ್ಗಿ ಮೇಯ್ದುಬಿಟ್ಟಿತು. ಹೊತ್ತೇರುವುದರೊಳಗೆ ಕುರಿಗಳು ನಡುಗಿ, ಬಾಯಲ್ಲಿ ಬುರುಗು ತೆಗೆದು, ಬಿದ್ದ ಬಿದ್ದಲ್ಲೇ ಸತ್ತವು. ಆಗ ಮಲ್ಲೇಶ್ವರಿ ಸಣ್ಣವಳು, ಬದುವಿನ ಮೇಲೆ ನಿಂತು ಅತ್ತಿದ್ದಳು.

“ನಿಮ್ಮ ಕಾಕ ಒಂದರ ಕುತ್ತಿಗಿ ಕೊಯ್ದು ನೋಡಿದ,” ಎಂದಳು ದುರುಗಮ್ಮ, ತೀರಿಹೋದ ಗಂಡನನ್ನು ನೆನೆದು. “ರಕ್ತ ಕುಂಕುಮದಂಗ ಕೆಂಪಿತ್ತು. ಅದನ್ನ ನೋಡಿ ಅವ ಅಂದ, ಕೂಳಿ ಜೋಳದ ನಂಜು, ಮಾಂಸ ಮುಟ್ಟಬ್ಯಾಡ್ರಿ ಅಂತ.”

ಮಧ್ಯಾಹ್ನದ ಹೊತ್ತಿಗೆ ಎರಡೂ ಪಟ್ಟಿಗಳು ಕೆಂಪಾಗಿದ್ದವು. ಬೀಜದ್ದು ಗಾಢ, ಜೋಳದ್ದು ತುಸು ತೆಳು. ಆದರೆ ಬಣ್ಣ ಅದೇ.

“ಆ ಕುರಿ ಕೊಂದಿತ್ತಲ್ಲ ಚಿಗವ್ವ, ಅದೇ ನಂಜು ಈ ಬೀಜದಾಗೂ ಅದ. ಗಡ್ಡೀನ ಅಷ್ಟ ಹುಡುಕಿ ಕೊಲ್ಲೂದು ಅದಕ ಗೊತ್ತಿಲ್ಲ. ಯಾರು ತಿಂತಾರ ಅವರನ್ನ ಕೊಲ್ತದ.”

ದುರುಗಮ್ಮ ಬಾಟಲಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ಕೆಳಗಿಟ್ಟಳು. “ಹಂಗಾರ ನನ್ನ ಮಗ ನನಗ ಕೂಳಿ ಜೋಳ ತಿನಿಸಾಕತ್ಯಾನ ಅಂದಂಗಾತು,” ಎಂದು ನಕ್ಕಳು. ನಗು ಮುಗಿಯುವುದರೊಳಗೆ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡಳು.

“ಅವನಿಗೆ ಹೇಳಬ್ಯಾಡ ಮಲ್ಲೀ.”

“ಹೇಳಲಿಲ್ಲಂದ್ರ ಹೆಂಗ? ಮತ್ತ ಕುಟ್ಟಿ ಕೊಡ್ತಾನಲ್ಲ.”

“ನಮ್ಮವ್ವಗ ನನ್ನ ಕೈಲೆ ನಂಜು ಕೊಟ್ನಿ ಅಂತ ಜೀವ ಇರೂತನಕ ಕೊರಗ್ತಾನ. ನಾ ಇವತ್ತಿಲ್ಲ ನಾಳಿ ಹೋಗಾಕಿ. ಅವ ಇರಾಂವ. ಮುಂಜಾನಿ ಎದ್ದು ಅದನ್ನ ಕುಟ್ಟುವಾಗ ಅವನ ಮಾರಿ ನೋಡಬೇಕು ನೀ. ನಮ್ಮವ್ವನ ಉಳಸಾಕತ್ತೀನಿ ಅಂತ ಕುಟ್ತಾನ. ಅವನ ಕೈಯಾಗಿಂದ ಅದನ್ನ ಕಸಗೊಂಡ್ರ ಅವನಿಗೆ ಏನು ಉಳೀತದ?”

ಆಗ ಮಲ್ಲೇಶ್ವರಿಗೆ ಚೀಲದಲ್ಲಿದ್ದ ಪೊಟ್ಟಣ ನೆನಪಾಯಿತು. ಸಿಹಿ ಬೀಜ ತೆಗೆದು ಚಿಗವ್ವನ ಅಂಗೈಯಲ್ಲಿಟ್ಟಳು. ದುರುಗಮ್ಮ ಹಲ್ಲಿಲ್ಲದ ಬದಿಯಿಂದ ಹಲ್ಲಿದ್ದ ಬದಿಗೆ ಹೊರಳಿಸಿ ಅಗಿದಳು.

“ಚಲೋ ಅದಲ್ಲಬೇ. ಕೊಬ್ಬರಿ ತಿಂದಂಗ ಆಗ್ತದ.”

ಮಲ್ಲೇಶ್ವರಿ ಎದ್ದು ಡಬ್ಬಿಯ ಬೀಜಗಳನ್ನೆಲ್ಲ ತನ್ನ ಚೀಲಕ್ಕೆ ಸುರಿದುಕೊಂಡಳು. ಡಬ್ಬಿಗೆ ಸಿಹಿ ಬೀಜ ತುಂಬಿದಳು. ಗೂಡಿನಲ್ಲಿ ಅದು ಮೊದಲಿದ್ದ ಹಾಗೆಯೇ ಇಟ್ಟಳು. ಮಗ ತಾಯಿಯ ಔಷಧವನ್ನು ಒಂದು ದಿನವೂ ತನ್ನ ಬಾಯಿಗೆ ಹಾಕಿಕೊಂಡವನಲ್ಲ. ಪರಿಮಳ ಕಡಿಮೆಯಾದರೂ ಬೀಜ ಹಳತಾಗಿದೆ ಎಂದುಕೊಂಡಾನು, ಕಹಿಯಿಲ್ಲವೆಂಬುದು ಅವನಿಗೆ ಗೊತ್ತಾಗುವ ಹಾಗಿರಲಿಲ್ಲ.

ಆಮೇಲಿನ ಭಾನುವಾರಗಳೆಲ್ಲ ಹೀಗೆಯೇ ಹೋದವು. ಹೊಸ ಪಾರ್ಸಲು ಬಂದರೆ ದುರುಗಮ್ಮ ಅದನ್ನು ಹಾಸಿಗೆಯ ಕೆಳಗೆ ಇಡಿಸಿಕೊಳ್ಳುತ್ತಿದ್ದಳು. ಮಲ್ಲೇಶ್ವರಿ ಹೋಗಿ ಬದಲಿಸುತ್ತಿದ್ದಳು. ಕಹಿ ಬೀಜ ರಾಯಚೂರಿಗೆ ಬಂದು ಮಿಲ್ಲಿನ ಬಾಯ್ಲರಿನಲ್ಲಿ ಉರಿದುಹೋಗುತ್ತಿತ್ತು. ಸತ್ತಾರ್ ಸಾಬರು ಅವಳನ್ನು ನೋಡಿದ ಕೂಡಲೇ ಭರಣಿ ಇಳಿಸುತ್ತಿದ್ದರು. ಯಾಕೆ, ಯಾರಿಗೆ ಎಂದು ಆಮೇಲೆ ಕೇಳಲಿಲ್ಲ.

ನಂಜು ನಿಂತಿತು, ನೋವಿನ ಗುಳಿಗೆ ಹೊಟ್ಟೆಯಲ್ಲಿ ನಿಲ್ಲತೊಡಗಿತು. ದುರುಗಮ್ಮ ಎದ್ದು ಕೂತಳು. ಗಂಜಿ ಕುಡಿದಳು. ಒಂದು ಭಾನುವಾರ ಬಾಗಿಲ ತನಕ ನಡೆದುಬಂದು ಮಲ್ಲೇಶ್ವರಿಯನ್ನು ಬರಮಾಡಿಕೊಂಡಳು. ರೇವಣಸಿದ್ದ ಓಣಿಯವರಿಗೆಲ್ಲ ಕರೆದು ತೋರಿಸಿದ. “ನೋಡಕ್ಕಾ, ನೀ ಬ್ಯಾಡ ಅಂದಿದ್ದಿ,” ಎಂದ. ಅವನ ಮುಖದಲ್ಲಿ ಗೆದ್ದವನ ಸೊಕ್ಕಿರಲಿಲ್ಲ, ಬರೀ ಖುಷಿ. ಮಲ್ಲೇಶ್ವರಿ “ಹೌದು ತಮ್ಮಾ” ಎಂದಳು. ಹಿಂತಿರುಗುವ ಬಸ್ಸಿನಲ್ಲಿ ಲೆಕ್ಕ ಹಾಕಿದಳು. ಇಡೀ ಜಗತ್ತಿನಲ್ಲಿ ಆ ಸಂಗತಿ ಗೊತ್ತಿದ್ದವರು ಇಬ್ಬರೇ, ಅವರಲ್ಲೊಬ್ಬಳು ಹೋಗುವವಳು.

ಕಾರ ಹುಣ್ಣಿಮೆ ಕಳೆದ ಮೇಲೆ ದುರುಗಮ್ಮ ಮತ್ತೆ ಹಾಸಿಗೆ ಹಿಡಿದಳು. ಹೊಟ್ಟೆ ನೀರು ತುಂಬಿ ಉಬ್ಬಿತು. ಕೊನೆಯ ಭಾನುವಾರ ಮಲ್ಲೇಶ್ವರಿಯ ಕೈ ಹಿಡಿದುಕೊಂಡು, “ನಾ ಹೋದಮ್ಯಾಗ ನೀ ಒಬ್ಬಾಕೀನ ಆಗ್ತಿ. ಅವನ್ನ ಬಿಡಬ್ಯಾಡ,” ಎಂದಳು. ಬುಧವಾರ ಬೆಳಿಗ್ಗೆ ಲಾರಿಯ ಕಾಳು ತೂಗುತ್ತಿದ್ದಾಗ, ಚಿಗವ್ವ ಹೋದಳೆಂದು ಫೋನು ಬಂತು. ಮಲ್ಲೇಶ್ವರಿ ಹೋಗುವಷ್ಟರಲ್ಲಿ ಚಿಗವ್ವನನ್ನು ಹಟ್ಟಿಯ ಎದುರು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ಭಂಡಾರ ಬಳಿದಿದ್ದರು.

ದಿವಸದ ಊಟಕ್ಕೆ ನೆಂಟರೆಲ್ಲ ಸೇರಿದ್ದರು. ಮಾನ್ವಿಯಿಂದ ಯಶೋದಾ ಎಂಬವಳು ಬಂದಿದ್ದಳು. ರೇವಣಸಿದ್ದನ ಹೆಂಡತಿಗೆ ದೂರದ ಅಕ್ಕ. ಅವಳ ಮಡಿಲಿಗೆ ಒರಗಿ ಒಂದು ಹುಡುಗಿ ಕೂತಿತ್ತು. ತಲೆಗೆ ವಸ್ತ್ರ ಸುತ್ತಿತ್ತು, ಹುಬ್ಬಿನ ಕೂದಲೂ ಉದುರಿತ್ತು. ರಕ್ತದ ಕ್ಯಾನ್ಸರು, ಹೈದರಾಬಾದಿನ ದವಾಖಾನೆಯಲ್ಲಿ ಔಷಧ ನಡೆದಿದೆ ಎಂದು ಯಾರೋ ಹೇಳಿದರು. ಮಲ್ಲೇಶ್ವರಿ ಎಲೆ ಹಾಕುತ್ತ ಹೋಗುವಾಗ ನೋಡಿದಳು. ಯಶೋದಾಳ ಚೀಲದಿಂದ ಒಂದು ಪಾರ್ಸಲು ಇಣುಕುತ್ತಿತ್ತು. ಇನ್ನೂ ಒಡೆಯದ್ದು. ಆ ಡಬ್ಬದ ಬಣ್ಣ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎಲೆಗಳನ್ನು ಅಲ್ಲೇ ಇಟ್ಟು ಅವಳ ಪಕ್ಕ ಕೂತಳು. “ಇದನ್ನ ಕೂಸಿಗೆ ಕೊಡಬ್ಯಾಡ್ರಿ. ಇದರಾಗ ನಂಜು ಅದ. ದೊಡ್ಡವರಿಗೇ ತಡಕೊಳ್ಳಾಕ ಆಗಂಗಿಲ್ಲ.”

ಯಶೋದಾ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. “ರೇವಣಸಿದ್ದಣ್ಣ ಕಣ್ಣಾರೆ ನೋಡ್ಯಾನ್ರಿ. ಅವರವ್ವ ಎದ್ದು ನಡದಾಡಿದ್ಳಂತ. ಡಾಕ್ಟರ್ ಆಗಂಗಿಲ್ಲ ಅಂದ್ರೂ ಅಷ್ಟು ತಿಂಗಳು ತೆಗದ್ಳಂತ. ನಮ್ಮ ಕೂಸು ಆ ಸೂಜಿ ತಾಳವಲ್ದು. ಬರೂ ವಾರ ಹೈದರಾಬಾದಿಗೆ ಹೋಗಂಗಿಲ್ಲ ಅಂತ ಮಾಡೀವಿ. ಇದನ್ನ ಕೊಟ್ಟು ನೋಡ್ತೀವಿ.”

“ಆಕಿ ಎದ್ದದ್ದು ಇದರಿಂದ ಅಲ್ಲ.”

“ಮತ್ಯಾತರಿಂದ?”

ಮಲ್ಲೇಶ್ವರಿ ಹುಡುಗಿಯ ಕಡೆ ನೋಡಿದಳು. ಅದು ನೆಲದ ಮೇಲಿನ ಇರುವೆಸಾಲಿಗೆ ಬೆರಳು ಅಡ್ಡ ಹಿಡಿದು ಆಡುತ್ತಿತ್ತು. ಪುಸ್ತಕದಲ್ಲಿ ಓದಿದ್ದು, ಬಾಟಲಿಯಲ್ಲಿ ಕಂಡದ್ದು ಏನು ಹೇಳಿದರೂ ಈ ತಾಯಿ ಕಣ್ಣಾರೆ ಕಂಡವನ ಮಾತನ್ನೇ ಹಿಡಿಯುತ್ತಾಳೆ. ಬೇರೆ ದಾರಿಯಿರಲಿಲ್ಲ.

“ನಮ್ಮ ಚಿಗವ್ವ ಎದ್ದು ನಡದಾಡೂವಾಗ ಇದನ್ನ ತಿಂತಿದ್ದಿಲ್ರಿ. ನಾ ಬದಲ ಮಾಡ್ತಿದ್ದೆ. ಆಕಿ ತಿಂದದ್ದು ಸಿಹಿ ಬೀಜ. ಮದುವಿ ಊಟದಾಗ ಹಾಕ್ತಾರಲ್ಲ, ಅದು. ಇದನ್ನ ತಿಂದಾಗ ವಾಂತಿ ಮಾಡ್ಕೊಂಡು ಬೀಳ್ತಿದ್ಳು. ಬಿಟ್ಟಮ್ಯಾಗ ಎದ್ದು ಕುಂತ್ಳು.”

ಹಿಂದೆ ಏನೋ ಸದ್ದಾಯಿತು. ರೇವಣಸಿದ್ದ ನೀರಿನ ಕೊಡ ಕೆಳಗಿಟ್ಟು ನಿಂತಿದ್ದ. ಬೋಳಿಸಿದ ತಲೆ, ನೆನೆದ ಅಂಗಿ.

“ಏನಂದಿ?”

ಮಲ್ಲೇಶ್ವರಿ ಎದ್ದು ನಿಂತಳು. ಎಲ್ಲವನ್ನೂ ಹೇಳಿದಳು. ಪಟ್ಟಿ ಕೆಂಪಾದದ್ದು, ಜೋಳದ ಕುಡಿ, ಡಬ್ಬಿ. ಚಿಗವ್ವ ಹೇಳಬೇಡ ಅಂದದ್ದು ಯಾಕೆಂಬುದನ್ನೂ ಹೇಳಿದಳು. ಪಂಕ್ತಿಯಲ್ಲಿ ಕೂತವರು ತಿರುಗಿ ನೋಡಿದರು.

“ಹಂಗಾರ ಮೊದಲಿಗೆ ನಾ ನಮ್ಮವ್ವಗ ನಂಜು ಹಾಕಿದ್ನಿ,” ಎಂದ ರೇವಣಸಿದ್ದ. “ಆಮ್ಯಾಲ ನೀವಿಬ್ಬರೂ ಕೂಡಿ ನನ್ನ ಹುಚ್ಚನ್ನ ಮಾಡಿದ್ರಿ. ದಿನಾ ಮುಂಜಾನಿ ಎದ್ದು ನಾ ಸುಮ್ನ ಕುಟ್ಟಿದ್ನಿ.”

“ಸುಮ್ನ ಅಲ್ಲ ತಮ್ಮಾ. ಆಕಿ ಅದನ್ನ ತಿಂದಾಳ. ಅದರಾಗ ಎಣ್ಣಿ ಅದ, ಜೀವಕ್ಕ ಬಲ ಕೊಡೂದು ಅದ.”

“ಬಿಡು. ನಿನ್ನ ಎಣ್ಣಿ ಲೆಕ್ಕ ಬಿಡು.” ಅವನ ದನಿ ಒಡೆಯಿತು. “ಯಾರಿಗೆ ಗೊತ್ತು, ನೀ ಬದಲ ಮಾಡಲಿಲ್ಲಂದ್ರ ಆಕಿ ಇನ್ನೂ ಇರ್ತಿದ್ಳೋ ಏನೋ. ಇಬ್ಬರಿಗೂ ಗೊತ್ತಿತ್ತು. ನನಗೊಬ್ಬನಿಗೇ ಗೊತ್ತಿದ್ದಿಲ್ಲ.”

ಅವನು ಕೊಡ ಅಲ್ಲೇ ಬಿಟ್ಟು ಹೊರಗೆ ಹೋದ. ಒಬ್ಬ ಮುದುಕಿ ಮಲ್ಲೇಶ್ವರಿ ಕೆಳಗಿಟ್ಟ ಎಲೆಗಳನ್ನು ಎತ್ತಿಕೊಂಡು, “ನೀ ಊರಿಗೆ ಹೋಗವ್ವಾ ಈಗ,” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಉಣ್ಣದೆಯೇ ಹೊರಟ ಮಲ್ಲೇಶ್ವರಿಗೆ ಓಣಿಯ ತುದಿಯಲ್ಲಿ ಯಶೋದಾ ಓಡಿಬಂದು ಸಿಕ್ಕಳು. ಏನೂ ಮಾತಾಡದೆ ಪಾರ್ಸಲನ್ನು ಅವಳ ಕೈಗೆ ತುರುಕಿ ತಿರುಗಿ ಹೋದಳು.

ರೇವಣಸಿದ್ದ ಫೋನು ಎತ್ತಲಿಲ್ಲ. ಮೊದಲು ಮಲ್ಲೇಶ್ವರಿ ದಿನಾ ಮಾಡುತ್ತಿದ್ದಳು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಹೆಸರನ್ನು ಒತ್ತಲು ಹೋಗಿ ಬಿಟ್ಟುಬಿಡುತ್ತಿದ್ದಳು. ಭಾನುವಾರ ಬಂತೆಂದರೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಬೆಳಿಗ್ಗೆಯೇ ಎಚ್ಚರವಾಗುತ್ತಿತ್ತು, ಬಸ್ಸಿನ ಹೊತ್ತಿಗೆ ಸರಿಯಾಗಿ. ಬಟ್ಟೆ ಒಗೆದು ಮಾಳಿಗೆಯ ಮೇಲೆ ಹರವಿ, ಕೆರೆಯ ಕಡೆ ನೋಡುತ್ತ ನಿಲ್ಲುತ್ತಿದ್ದಳು. ಬಟ್ಟೆಯೂ ಅವಳೊಬ್ಬಳದ್ದೇ, ಬೇಗ ಮುಗಿಯುತ್ತಿತ್ತು. ತಾನು ಮಾಡಿದ್ದು ಸರಿಯೇ ಎಂದು ಅವಳಿಗೆ ಅನುಮಾನವಿರಲಿಲ್ಲ. ಸರಿಯಾದದ್ದನ್ನು ಮಾಡಿದವಳ ಜೊತೆ ಕೂತು ಉಣ್ಣಲು ಮಾತ್ರ ಯಾರೂ ಇರಲಿಲ್ಲ. ಚಿಗವ್ವನೊಬ್ಬಳು ಇದ್ದಿದ್ದರೆ ಬೈದಾದರೂ ಬೈಯುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ಯಶೋದಾಳ ಫೋನು ಬಂತು. ಮಗಳ ಔಷಧ ಇನ್ನೂ ನಡೆದಿದೆ, ಮುಗಿಯಲು ಬಹಳ ದಿನ ಬೇಕಂತೆ, ಆದರೆ ರಕ್ತ ಸುಧಾರಿಸಿದೆ ಎಂದಿದ್ದಾರೆ, ಒಮ್ಮೆ ಮಾನ್ವಿಗೆ ಬಂದು ಹೋಗ್ರಿ. ಮಲ್ಲೇಶ್ವರಿ ಹೋದಳು. ಹುಡುಗಿಗೆ ತಲೆಯ ಮೇಲೆ ಮೃದುವಾದ ಕೂದಲು ಬಂದಿತ್ತು. ಅದು ಅವಳ ಹತ್ತಿರ ಬಂದು ಮೂಸಿ, “ನಿಮ್ಮ ಸೀರಿ ಪೆಟ್ರೋಲ್ ವಾಸನಿ ಬರ್ತದ,” ಎಂದಿತು. ಯಶೋದಾ ಗದರಿದಳು, ಮಲ್ಲೇಶ್ವರಿ ನಕ್ಕಳು. ಯಶೋದಾಳ ಅತ್ತೆ ಬಿಸಿ ರೊಟ್ಟಿ ಬಡಿಸಿದಳು. ಒಳ್ಳೆಯ ಜನ. ಆದರೂ ಅದು ಬೇರೆಯವರ ಮನೆ. ಅವರು ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ‘ರೀ’ ಹಚ್ಚಿ ಮಾತಾಡಿಸಿದರು.

ಸಂಜೆ ಮಾನ್ವಿ ಬಸ್ ನಿಲ್ದಾಣದ ಹೊರಗೆ ರೇವಣಸಿದ್ದನ ಟೆಂಪೋ ನಿಂತಿತ್ತು. ಹಿಂದೆ ಕುರಿಗಳು ಒತ್ತಾಗಿ ನಿಂತಿದ್ದವು. ಅವನು ಚಹಾದ ಅಂಗಡಿಯ ಎದುರು ಕಪ್ಪು ಹಿಡಿದುಕೊಂಡಿದ್ದ. ಅವಳನ್ನು ನೋಡಿದ. ಮುಖ ತಿರುಗಿಸಲಿಲ್ಲ, ಕರೆಯಲೂ ಇಲ್ಲ. ಮಲ್ಲೇಶ್ವರಿ ಹತ್ತಿರ ಹೋಗಿ ನಿಂತಳು. ಬಹಳ ಸೊರಗಿದ್ದ.

“ಆರಾಮಿದ್ದೀ ತಮ್ಮಾ?”

ಅವನು ತಲೆಯಾಡಿಸಿದ. ಚಹಾ ಮುಗಿಸಿದ. ಕಪ್ಪನ್ನು ಬುಟ್ಟಿಗೆ ಹಾಕಿದ. ಗಾಡಿಯ ಕಡೆ ಎರಡು ಹೆಜ್ಜೆ ಹೋದವನು ನಿಂತು, ಅವಳನ್ನು ನೋಡದೆಯೇ ಕೇಳಿದ.

“ಆಕಿಗೆ ಅದು ರುಚಿ ಹತ್ತಿತ್ತೇನು?”

“ಹತ್ತಿತ್ತು,” ಎಂದಳು ಮಲ್ಲೇಶ್ವರಿ. “ನೀ ಕುಟ್ಟಿದ್ದನ್ನ ಬಾಯಾಗ ಇಟ್ಕೊಂಡು ಭಾಳ ಹೊತ್ತು ಚಪ್ಪರಸ್ತಿದ್ಳು. ಇನ್ನೊಂದು ಚಮಚ ಕೇಳಿದ್ರ ನಿನಗ ಅನುಮಾನ ಬರ್ತದ ಅಂತ ಸುಮ್ನಾಗ್ತಿದ್ಳು.”

ರೇವಣಸಿದ್ದ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಅವನು ಬೇಗ ಬೇಗ ಗಾಡಿ ಹತ್ತಿದ. ಎಂಜಿನ್ ಶುರುವಾಯಿತು, ಹಿಂದಿನ ಕುರಿಗಳು ಒಂದಕ್ಕೊಂದು ಒರಗಿಕೊಂಡವು. ಗಾಡಿ ದೇವದುರ್ಗದ ದಿಕ್ಕಿಗೆ ತಿರುಗಿ, ಧೂಳಿನಲ್ಲಿ ಸಣ್ಣದಾಗುತ್ತ ಹೋಯಿತು. ಮಲ್ಲೇಶ್ವರಿ ಅದು ಕಾಣದಾಗುವ ತನಕ ನಿಂತಿದ್ದಳು. ಅಷ್ಟರಲ್ಲಿ ರಾಯಚೂರಿನ ಬಸ್ಸು ಹೊರಟಿತ್ತು. ಇನ್ನೊಂದು ಬರುವ ತನಕ ಅವಳು ಕಲ್ಲುಬೆಂಚಿನ ಮೇಲೆ, ಚೀಲವನ್ನು ಪಕ್ಕಕ್ಕಿಟ್ಟುಕೊಂಡು ಕೂತಳು.